ವೆಬ್‌ಸೈಟ್ ಇದೆ, ಬಂದವರಿಗೆ ಕೆಲಸ ಆಗುತ್ತಿಲ್ಲ: ದೋಷ ಎಲ್ಲಿದೆ ಎಂದು ಹುಡುಕುವ ಕೈಪಿಡಿ

ಕಳೆದ ತೊಗರಿ ಸುಗ್ಗಿಯಲ್ಲಿ ಕಲಬುರಗಿ ಗಂಜ್‌ನ ಒಂದು ದಾಲ್ ಮಿಲ್ಲಿನ ಕಟ್ಟೆಯ ಮೇಲೆ ಕೂತಿದ್ದೆ. ಅವರು ವೆಬ್‌ಸೈಟ್ ಮಾಡಿಸಿ ಎಂಟು ತಿಂಗಳಾಗಿತ್ತು. ದಿನದ ದರವನ್ನು ತಪ್ಪದೆ ಅದರಲ್ಲಿ ಹಾಕುತ್ತಿದ್ದರು. ಆದರೂ ಬೆಳಗ್ಗೆಯಿಂದ ಸಂಜೆವರೆಗೆ "ಇವತ್ತ ರೇಟ್ ಏನದ ರೀ?" ಎಂಬ ಫೋನ್ ನಿಲ್ಲುತ್ತಿರಲಿಲ್ಲ. "ನಮ್ಮ ಜನಕ್ಕ ನೋಡ್ಲಾಕ ಬರಲ್ಲ ರೀ" ಅಂದರು ಮಾಲೀಕರು.

ಚಿತ್ತಾಪುರ ಕಡೆಯಿಂದ ಮಾಲು ತಂದಿದ್ದ ಒಬ್ಬ ಕಾಕಾ ಅಲ್ಲೇ ನಿಂತಿದ್ದರು. ಅವರ ಫೋನಿನಲ್ಲೇ ಪುಟ ತೆರೆದು, "ಕಾಕಾ, ಇವತ್ತಿನ ರೇಟ್ ಇದ್ರಾಗ ನೋಡಿ ಹೇಳ್ರಿ" ಎಂದು ಕೊಟ್ಟೆ. ಮೊದಲು ಮಿಲ್ಲಿನ ಗೇಟಿನ ಫೋಟೊ ಸ್ಕ್ರೀನ್ ತುಂಬ ಬಂತು. ಬಿಸಿಲಿಗೆ ಕಾಣದೆ ಕಾಕಾ ಎಡಗೈ ಅಡ್ಡ ಹಿಡಿದರು. ಫೋಟೊ ತಾನೇ ಸರಿದು ಯಂತ್ರದ ಫೋಟೊ ಬಂತು. ಅದೂ ಸರಿಯಿತು. ಮೂರನೆಯದು ಬೇಳೆಯ ರಾಶಿ. ಆ ಹಳದಿಯ ಮೇಲೆ ಬಿಳಿ ಅಕ್ಷರದಲ್ಲಿ, ಸಣ್ಣದಾಗಿ, ದರ. ಕಾಕಾ ಫೋನನ್ನು ಮೂಗಿನ ಹತ್ತಿರ ತಂದು ಎರಡು ಬೆರಳಿನಿಂದ ಹಿಗ್ಗಿಸಲು ನೋಡಿದರು. ಹಿಗ್ಗಲಿಲ್ಲ. ಅಷ್ಟರಲ್ಲಿ ಗೇಟಿನ ಫೋಟೊ ಮತ್ತೆ ಬಂತು. "ನನಗ ಬರಂಗಿಲ್ಲ ತಮ್ಮಾ" ಎಂದು ಫೋನ್ ಕಿಸೆಗೆ ಹಾಕಿಕೊಂಡರು.

ಐದು ನಿಮಿಷ ಹಿಂದೆ ಅದೇ ಕಾಕಾ ಚಹಾದ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟಿದ್ದರು. ಅವರಿಗೆ ಫೋನ್ ಬರುತ್ತದೆ. ಆ ಅರ್ಧ ನಿಮಿಷದಲ್ಲಿ ನಾನು ಕಂಡ ನಾಲ್ಕು ದೋಷವೂ ಪುಟದವು: ದರ ಚಿತ್ರದೊಳಗೆ ಹೂತಿತ್ತು, ಚಿತ್ರ ನಿಲ್ಲುತ್ತಿರಲಿಲ್ಲ, ಬಣ್ಣ ಬಿಸಿಲಿಗೆ ತಡೆಯುತ್ತಿರಲಿಲ್ಲ, ಹಿಗ್ಗಿಸುವ ದಾರಿಯನ್ನು ಯಾರೋ ಮುಚ್ಚಿದ್ದರು. "ಜನಕ್ಕೆ ಬರಲ್ಲ" ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಪುಟದಲ್ಲೇ ಏನೋ ಕೆಟ್ಟಿದೆ ಎಂದು ತಿಳಿದು ಹುಡುಕಲು ಶುರು ಮಾಡಿ. ಬಂದವರು ಏನು ಹೇಳುತ್ತಾರೋ ಅದನ್ನೇ ಲಕ್ಷಣವಾಗಿ ಇಟ್ಟುಕೊಂಡು ಕೆಳಗೆ ಬರೆದಿದ್ದೇನೆ. ಪ್ರತಿ ಭಾಗದಲ್ಲೂ ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ.

ಕೈ ಹಚ್ಚುವ ಮೊದಲು

ಬ್ಯಾಕಪ್ ತೆಗೆಯಿರಿ. ಕಡತಗಳದ್ದು ಬೇರೆ, ಡೇಟಾಬೇಸಿನದ್ದು ಬೇರೆ, ಎರಡೂ ಬೇಕು. ಹೋಸ್ಟಿಂಗ್‌ನವರು (ನಿಮ್ಮ ಸೈಟನ್ನು ತಮ್ಮ ಸರ್ವರಿನಲ್ಲಿ ಇಟ್ಟಿರುವ ಕಂಪನಿ) ತೆಗೆಯುತ್ತಾರೆ ಎಂದು ನಂಬಿ ಕೂರಬೇಡಿ, ಒಂದು ಪ್ರತಿ ನಿಮ್ಮ ಕಂಪ್ಯೂಟರಿಗೆ ಇಳಿದಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನೋಡಿ, ಬರೆದಿಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಆಮೇಲೆ ತಿಳಿಯುವುದಿಲ್ಲ.

ನೋಡುವುದು ಎಲ್ಲಿಂದ ಎಂಬುದೂ ಮುಖ್ಯ. ಆಫೀಸಿನ ವೈಫೈ, ದೊಡ್ಡ ಮಾನಿಟರ್, ಈಗಾಗಲೇ ಲಾಗಿನ್ ಆಗಿರುವ ಬ್ರೌಸರ್, ಇವು ಮೂರೂ ದೋಷವನ್ನು ಮರೆಮಾಡುತ್ತವೆ. ವೈಫೈ ಬಂದ್ ಮಾಡಿ, ಸಿಮ್ಮಿನ ಡೇಟಾದಲ್ಲಿ, ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ವಿಂಡೋದಲ್ಲಿ ತೆರೆಯಿರಿ. ಮನೆಯಲ್ಲಿ ಮೂರು ನಾಲ್ಕು ವರ್ಷ ಹಳೆಯ ಅಗ್ಗದ ಆಂಡ್ರಾಯ್ಡ್ ಫೋನ್ ಇದ್ದರೆ ಅದೇ ನಿಮ್ಮ ಅತ್ಯುತ್ತಮ ಉಪಕರಣ.

"ತಿರಗತಾನೇ ಅದ, ತೆರೀಲತ್ತಿಲ್ಲ"

ಮೊದಲು ಬೇರೆ ಯಾವುದಾದರೂ ವೆಬ್‌ಸೈಟ್ ತೆರೆದು ನೋಡಿ. ಅದೂ ತಿರುಗುತ್ತಿದ್ದರೆ ನೆಟ್ ಸಮಸ್ಯೆ, ಪುಟದ್ದಲ್ಲ. ಬೇರೆಲ್ಲ ತೆರೆದು ನಿಮ್ಮದೊಂದೇ ತಿರುಗುತ್ತಿದ್ದರೆ ಹೆಚ್ಚಿನ ಸಲ ಕಾರಣ ಫೋಟೊ.

ಲೆಕ್ಕ ಹಾಕಿ ನೋಡಿ. ಫೋನಿನಲ್ಲಿ ತೆಗೆದ ಫೋಟೊ ಸುಮಾರು 5 ಎಂಬಿ. ಹತ್ತು ಫೋಟೊ ಹಾಗೇ ಏರಿಸಿದರೆ 50 ಎಂಬಿ. ಸಿಗ್ನಲ್ ಕಮ್ಮಿ ಇದ್ದು ಸೆಕೆಂಡಿಗೆ 2 ಮೆಗಾಬಿಟ್ ಬರುತ್ತಿದ್ದರೆ ಆ ಪುಟ ಪೂರ್ತಿ ಇಳಿಯಲು 200 ಸೆಕೆಂಡ್ ಬೇಕು. ಮೂರು ನಿಮಿಷದ ಮೇಲೆ. ಅದೇ ಫೋಟೊಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ರೂಪದಲ್ಲಿ ತಲಾ 150 ಕೆಬಿಗೆ ತಂದರೆ ಒಟ್ಟು ಒಂದೂವರೆ ಎಂಬಿ, ಆರು ಸೆಕೆಂಡ್. ಇದಕ್ಕೆ ದುಡ್ಡು ಬೇಡ, ಒಂದು ಸಂಜೆ ಸಾಕು.

ಒಂದು ಎಚ್ಚರಿಕೆ ಇದೆ, ಇದನ್ನು ಬೀದರ್‌ನ ಬಿದ್ರಿ ಕೆಲಸದವರೊಬ್ಬರ ಪುಟದಲ್ಲಿ ಕಲಿತೆ. ಬಿದ್ರಿ ಎಂದರೆ ಸತು ಮತ್ತು ತಾಮ್ರದ ಮಿಶ್ರಲೋಹ. ಅದರಲ್ಲಿ ಕೊರೆದು ಬೆಳ್ಳಿಯ ತಂತಿ ಕೂಡಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಲೋಹವನ್ನು ಕಪ್ಪಾಗಿಸುತ್ತಾರೆ. ಕಪ್ಪಿನ ಮೇಲೆ ಬೆಳ್ಳಿಯ ಕೂದಲೆಳೆಯ ಗೆರೆಗಳೇ ಅದರ ಬೆಲೆ. ಫೋಟೊವನ್ನು 30 ಕೆಬಿಗೆ ಹಿಂಡಿದಾಗ ಆ ಗೆರೆಗಳು ಕಲಸಿಹೋದವು, ಹೂದಾನಿಯ ಬಳ್ಳಿ ಬೂದು ಮಸಿಯಂತೆ ಕಂಡಿತು. ಸೈಟ್ ಬೇಗ ತೆರೆಯಿತು, ಆದರೆ ಕೊಳ್ಳುವವರಿಗೆ ನೋಡಲು ಏನೂ ಉಳಿದಿರಲಿಲ್ಲ. ಪಟ್ಟಿಯಲ್ಲಿ ಚಿಕ್ಕ ಫೋಟೊ, ಮುಟ್ಟಿದಾಗ ಮಾತ್ರ ದೊಡ್ಡದು, ಹಿನ್ನೆಲೆಗೆ ಕಪ್ಪು ಬಟ್ಟೆಯ ಬದಲು ತಿಳಿ ಬಣ್ಣ. ಅಷ್ಟು ಮಾಡಿದ ಮೇಲೆ ಎರಡೂ ಸರಿಹೋಯಿತು.

ಫೋಟೊ ಹಗುರಾದ ಮೇಲೂ ಪುಟ ಬಿಳಿಯಾಗಿಯೇ ನಿಂತರೆ ಫಾಂಟ್ ನೋಡಿ. ಕನ್ನಡ ಫಾಂಟ್ ಇಳಿಯುವವರೆಗೂ ಬ್ರೌಸರ್ ಅಕ್ಷರಗಳನ್ನು ತೋರಿಸದೆ ಕಾಯುತ್ತದೆ, ಸಾಮಾನ್ಯವಾಗಿ ಮೂರು ಸೆಕೆಂಡ್‌ವರೆಗೆ. ಫಾಂಟ್ ಡಿಸ್‌ಪ್ಲೇ ಎಂಬ ಸಿಎಸ್‌ಎಸ್ ಸೆಟ್ಟಿಂಗಿನಲ್ಲಿ (ಪುಟದ ರೂಪ ಹೇಳುವ ಕೋಡ್) ಸ್ವಾಪ್ ಎಂದು ಹಾಕಿದರೆ ಫೋನಿನ ಸ್ವಂತ ಕನ್ನಡ ಅಕ್ಷರ ಮೊದಲು ಕಂಡು, ನಿಮ್ಮ ಫಾಂಟ್ ಆಮೇಲೆ ಬಂದು ಕೂರುತ್ತದೆ. ನಾಲ್ಕು ಬಗೆಯ ಫಾಂಟ್ ಇಟ್ಟಿದ್ದರೆ ಮೂರನ್ನು ತೆಗೆಯಿರಿ. ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ; ನಮ್ಮ ಗುರಿಯೂ ಅದೇ ಇರಲಿ.

"ಅಕ್ಷರ ಏನೇನೋ ಕಾಣ್ಲತ್ತಾವ"

ಇದು ಕನ್ನಡ ಪುಟಗಳಿಗೇ ಅಂಟಿದ ರೋಗ. ಅಕ್ಷರ ಹೇಗೆ ಕೆಟ್ಟಿದೆ ಎಂಬುದನ್ನು ನೋಡಿದರೆ ಕಾರಣ ಅಲ್ಲೇ ಗೊತ್ತಾಗುತ್ತದೆ. ಆದ್ದರಿಂದ ಫೋನಿನಲ್ಲಿ ಕೇಳಿ ಊಹಿಸಬೇಡಿ, ಸ್ಕ್ರೀನ್‌ಶಾಟ್ ಕಳಿಸಲು ಹೇಳಿ.

ಖಾಲಿ ಚೌಕಗಳು ಸಾಲಾಗಿ ಕಂಡರೆ ಪಠ್ಯ ಸರಿಯಾಗಿದೆ, ಫಾಂಟಿನಲ್ಲಿ ಕನ್ನಡ ಇಲ್ಲ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟನ್ನು ಪುಟದ ಜೊತೆಗೇ ಕೊಡಿ. ಇದು ಎಲ್ಲಕ್ಕಿಂತ ಸಣ್ಣ ದೋಷ.

ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ಚಿಕ್ಕ ಎ, ಅದರ ಪಕ್ಕ ತುಸು ಮೇಲೆ ಕೂತ ಪುಟ್ಟ 2 ಅಥವಾ 3, ಮತ್ತೆ ಅದೇ ಎ, ಹೀಗೆ ಸಾಲುಸಾಲು ಕಂಡರೆ ಪಠ್ಯ ಎಲ್ಲ ಭಾಷೆಯನ್ನೂ ಹಿಡಿಯುವ ಯುಟಿಎಫ್-8 ಎಂಬ ಸಂಕೇತದಲ್ಲಿದೆ, ಬ್ರೌಸರ್ ಅದನ್ನು ಇಂಗ್ಲಿಷಿನ ಹಳೆಯ ಸಂಕೇತದಲ್ಲಿ ಓದುತ್ತಿದೆ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್. ಮೊದಲ ಎರಡು ಯಾವಾಗಲೂ ಒಂದೇ ಬಗೆಯವು, ಅದಕ್ಕೇ ಆ ಎ ಮತ್ತು 2, 3 ಪದೇ ಪದೇ ಬರುತ್ತವೆ. ಪುಟದ ತಲೆಭಾಗದಲ್ಲಿ, ಮೊದಲ 1024 ಬೈಟ್‌ಗಳೊಳಗೆ, ಸಂಕೇತ ಯುಟಿಎಫ್-8 ಎಂದು ಘೋಷಿಸಿ. ಅಲ್ಲಿ ಇದ್ದೂ ಸರಿಹೋಗದಿದ್ದರೆ ಸರ್ವರ್ ಬೇರೆ ಹೇಳುತ್ತಿದೆ, ಹೋಸ್ಟಿಂಗ್‌ನವರನ್ನು ಕೇಳಿ.

ಇಂಗ್ಲಿಷಿನ ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ತಲೆಯ ಮೇಲೆ ಟೋಪಿ ಇಟ್ಟ ಅಕ್ಷರ, ಪೌಂಡಿನ ಚಿಹ್ನೆ ಎಲ್ಲ ಗೋಜಲಾಗಿ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು. ಡಿಟಿಪಿ ಅಂಗಡಿಯಿಂದ ಬಂದ ಪಠ್ಯವನ್ನು ಹಾಗೇ ಅಂಟಿಸಿದರೆ ಹೀಗಾಗುತ್ತದೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ, ಉಳಿದ ಕಡೆ ಅಲ್ಲ. ಫಾಂಟ್ ಸೇರಿಸಿ ತೇಪೆ ಹಾಕಬೇಡಿ; ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅರ್ಥವಾಗುವುದಿಲ್ಲ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ (ಎಲ್ಲ ಫೋನಿಗೂ ಅರ್ಥವಾಗುವ ಅಕ್ಷರ ಸಂಕೇತ) ತಂದು, ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ಪರಿವರ್ತಕ ಎಡವುವುದು ಅಲ್ಲೇ.

ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಇದ್ದರೆ ಅಲ್ಲೇ ನಿಲ್ಲಿ. ಸಾಮಾನ್ಯವಾಗಿ ಡೇಟಾಬೇಸ್ ಕನ್ನಡವನ್ನು ಹಿಡಿದಿಡಲಾಗದೆ ಉಳಿಸುವಾಗಲೇ ಕಳೆದುಕೊಂಡಿದೆ ಎಂದರ್ಥ. ಹಾಗಾಗಿದ್ದರೆ ಅಲ್ಲಿ ಈಗ ಕನ್ನಡವಿಲ್ಲ, ಚಿಹ್ನೆಯಷ್ಟೇ ಇದೆ. ಯಾವ ಸೆಟ್ಟಿಂಗ್ ಬದಲಿಸಿದರೂ ವಾಪಸ್ ಬರುವುದಿಲ್ಲ. ಹೊಸದೇನನ್ನೂ ಉಳಿಸದೆ ಡೇಟಾಬೇಸ್ ಬಲ್ಲವರನ್ನು ಕರೆಸಿ, ಹಳೆಯ ಬ್ಯಾಕಪ್‌ನಿಂದ ಪಠ್ಯ ತೆಗೆಸಿ.

ಅಕ್ಷರ ಸರಿ ಇದ್ದು ಕೆಳಗಿನ ಒತ್ತು ಕತ್ತರಿಸಿದಂತೆ ಕಂಡರೆ ಸಾಲಿನ ಎತ್ತರ ಸಾಲದು. ಇಂಗ್ಲಿಷಿಗೆಂದು ಮಾಡಿದ ಥೀಮಿನಲ್ಲಿ ಶೀರ್ಷಿಕೆಯ ಸಾಲಿಗೆ ಸಾಮಾನ್ಯವಾಗಿ ಅಕ್ಷರದ ಗಾತ್ರದ 1.2 ಪಟ್ಟು ಇರುತ್ತದೆ. "ಸಾಮರ್ಥ್ಯ", "ಸ್ವಾತಂತ್ರ್ಯ" ಎಂಬ ಪದಗಳನ್ನು ಶೀರ್ಷಿಕೆಯಲ್ಲಿ ಹಾಕಿ ನೋಡಿ, ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. 1.6 ಮಾಡಿ. ಅಕ್ಷರಗಳ ನಡುವೆ ಜಾಗ ಬಿಡುವ ಸೆಟ್ಟಿಂಗ್ ಇದ್ದರೆ ಸೊನ್ನೆ ಮಾಡಿ. ಎರಡೂ ಅಂಚು ಸಮ ಮಾಡುವುದನ್ನೂ ಬಿಡಿ. ನಮ್ಮ ಉದ್ದುದ್ದ ಪದಗಳು ಚಿಕ್ಕ ಸ್ಕ್ರೀನಿನಲ್ಲಿ ಸಾಲಿನ ನಡುವೆ ಹಳ್ಳ ಬಿಡುತ್ತವೆ.

"ಬಿಸಲಾಗ ಏನೂ ಕಾಣಂಗಿಲ್ಲ"

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೊಲ, ಗಂಜ್, ಬಸ್ ಸ್ಟ್ಯಾಂಡ್, ಎಲ್ಲೆಡೆ ಜನ ಫೋನ್ ನೋಡುವುದು ಬಯಲಿನಲ್ಲಿ. ಮಧ್ಯಾಹ್ನ ಹೊರಗೆ ನಿಂತು, ಸ್ಕ್ರೀನಿನ ಬೆಳಕನ್ನು ಅರ್ಧಕ್ಕಿಳಿಸಿ ನಿಮ್ಮ ಪುಟ ಓದಿ. ಇದೇ ಅಗ್ಗದ ಪರೀಕ್ಷೆ.

ಓದಲಾಗದಿದ್ದರೆ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಬಣ್ಣದ ಅಂತರ ಅಳೆಯಿರಿ. ಅಳೆಯುವ ಉಚಿತ ಸಾಧನಗಳು ಬೇಕಾದಷ್ಟಿವೆ. ಬಿಳಿಯ ಮೇಲೆ ಕಪ್ಪು 21:1, ಇದಕ್ಕಿಂತ ಹೆಚ್ಚು ಅಂತರ ಇಲ್ಲ. ವೆಬ್ ಸುಲಭಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಕೇಳುತ್ತದೆ. ಬಿಸಿಲಿನ ಊರಿಗೆ 7:1 ಇರಲಿ ಎಂಬುದು ನನ್ನ ಅಭಿಪ್ರಾಯ. ಫೋಟೊದ ಮೇಲೆ ಅಕ್ಷರ ಬರೆಯಲೇಬೇಡಿ. ಎರಡು ಬೆರಳಿನಿಂದ ಹಿಗ್ಗಿಸಲು ಬಾರದಿದ್ದರೆ ಪುಟ ಸ್ಕ್ರೀನಿಗೆ ಹೇಗೆ ಕೂರಬೇಕು ಎಂದು ಹೇಳುವ ವ್ಯೂಪೋರ್ಟ್ ಎಂಬ ಸಾಲಿನಲ್ಲಿ ಅದನ್ನು ತಡೆಯುವ ಮಾತಿದೆ, ಅಳಿಸಿಹಾಕಿ. ಕಾಕಾ ಸಿಕ್ಕಿಬಿದ್ದದ್ದು ಈ ಒಂದು ಪದದಲ್ಲಿ.

"ಎಲ್ಲದ ರೀ, ಸಿಗಲತ್ತಿಲ್ಲ"

ಪುಟದಲ್ಲಿ ಇರುವುದನ್ನೇ ಜನ ಫೋನ್ ಮಾಡಿ ಕೇಳುತ್ತಾರೆ. ಎಲ್ಲಕ್ಕಿಂತ ಹೆಚ್ಚು ಕಾಣುವ ಲಕ್ಷಣ ಇದು. ಹೊಸ ವಿನ್ಯಾಸಕ್ಕೆ ದುಡ್ಡು ಸುರಿದರೂ ಹೋಗದ ದೋಷವೂ ಇದೇ, ಏಕೆಂದರೆ ದೋಷ ಇರುವುದು ಪದಗಳಲ್ಲಿ ಮತ್ತು ಕ್ರಮದಲ್ಲಿ.

ಪರೀಕ್ಷೆ ಸರಳ. ಒಂದು ವಾರ ಫೋನಿನ ಪಕ್ಕ ನೋಟ್‌ಬುಕ್ ಇಟ್ಟು, ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಮಿಲ್ಲಿನವರು ಬರೆದಾಗ ಬಂದದ್ದು ನಾಲ್ಕೇ ಪ್ರಶ್ನೆ: ಇವತ್ತಿನ ದರ ಏನು, ಎಷ್ಟು ಗಂಟೆವರೆಗೆ ಮಾಲು ಇಳಿಸಿಕೊಳ್ಳುತ್ತೀರಿ, ದುಡ್ಡು ಯಾವಾಗ ಕೊಡುತ್ತೀರಿ, ಎಲ್ಲಿ ಬರುತ್ತದೆ ನಿಮ್ಮ ಮಿಲ್. ಅವರ ಮೆನುವಿನಲ್ಲಿ ಇದ್ದದ್ದು "ನಮ್ಮ ಬಗ್ಗೆ", "ನಮ್ಮ ದೂರದೃಷ್ಟಿ", "ಸೇವೆಗಳು", "ಗ್ಯಾಲರಿ", "ಸಂಪರ್ಕಿಸಿ". ಕೇಳಿದ್ದಕ್ಕೂ ಇಟ್ಟಿದ್ದಕ್ಕೂ ಸಂಬಂಧವೇ ಇರಲಿಲ್ಲ. ಮೆನು ಪೂರ್ತಿ ತೆಗೆದು, ಪುಟದ ತಲೆಯಲ್ಲೇ ಆ ನಾಲ್ಕು ಉತ್ತರಗಳನ್ನು ಸಾದಾ ಪಠ್ಯದಲ್ಲಿ ಬರೆದೆವು. ದರದ ಪಕ್ಕದಲ್ಲೇ ದಿನಾಂಕ ಮತ್ತು ಗಂಟೆ. ದಿನಾಂಕವಿಲ್ಲದ ದರವನ್ನು ಯಾವ ರೈತನೂ ನಂಬುವುದಿಲ್ಲ, ನಂಬಲೂಬಾರದು. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ ವಿಷಯ ಮಾಲೀಕರಿಗೆ ಹೆಮ್ಮೆಯದು, ಇರಬೇಕಾದದ್ದೇ; ಅದು ನಾಲ್ಕು ಉತ್ತರಗಳ ಕೆಳಗೆ ಹೋಯಿತು.

ಮೂರು ಗೆರೆಯ ಮೆನು ಗುರುತನ್ನು ಬಹಳ ಜನ ಒತ್ತುವುದೇ ಇಲ್ಲ. ಪಕ್ಕದಲ್ಲಿ "ಮೆನು" ಎಂದು ಬರೆದರೆ ಒತ್ತುತ್ತಾರೆ. ಫೋನ್ ನಂಬರ್ ಮುಟ್ಟಿದರೆ ಕರೆ ಹೋಗಬೇಕು. ಚಿತ್ರದೊಳಗೆ ಬರೆದ ನಂಬರಿಗೆ ಕರೆ ಹೋಗುವುದಿಲ್ಲ. ವಿಳಾಸದಲ್ಲಿ ಪ್ಲಾಟ್ ನಂಬರ್ ಮಾತ್ರ ಕೊಟ್ಟರೆ ಆಟೊದವರಿಗೂ ತಿಳಿಯದು. ಜಗತ್ ಸರ್ಕಲ್‌ನಿಂದ ಯಾವ ಕಡೆ, ಸೂಪರ್ ಮಾರ್ಕೆಟ್‌ನಿಂದ ಎಷ್ಟು ದೂರ, ಪಕ್ಕದಲ್ಲಿ ಏನಿದೆ ಎಂದು ಬಾಯಲ್ಲಿ ಹೇಳುವ ಹಾಗೇ ಬರೆಯಿರಿ.

ಹುಡುಕಾಟದಲ್ಲೇ ಸಿಗುತ್ತಿಲ್ಲ ಎಂದರೆ ಊರಿನ ಹೆಸರು ನೋಡಿ. ಗುಲ್ಬರ್ಗ 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿಯಾಯಿತು, ಆದರೆ ಹಳೆಯ ಹೆಸರಿನಲ್ಲಿ ಹುಡುಕುವವರು ಇನ್ನೂ ಇದ್ದಾರೆ. ಎರಡೂ ಹೆಸರು ಒಂದೊಂದು ಸಲ ಸಹಜವಾಗಿ ಪುಟದಲ್ಲಿ ಬರಲಿ. ಹತ್ತು ಸಲ ತುರುಕಬೇಡಿ.

ಭಾಷೆ ಬದಲಿಸುವ ಬಟನ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಬೀದರ್‌ನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಓಡಾಡುತ್ತವೆ. "ಉರ್ದು" ಎಂಬ ಪದ ಉರ್ದು ಲಿಪಿಯಲ್ಲೇ ಇರಬೇಕು, ಬಲದಿಂದ ಎಡಕ್ಕೆ ಹರಿಯಬೇಕು. ಭಾಷೆ ಬದಲಿಸಿದಾಗ ಅದೇ ಪುಟ ಬರಬೇಕು; ಮೊದಲ ಪುಟಕ್ಕೆ ಎಸೆದರೆ ಓದುತ್ತಿದ್ದವರು ದಾರಿ ತಪ್ಪುತ್ತಾರೆ.

"ಒಂದ ಒತ್ತಿದ್ರ ಇನ್ನೊಂದ ತಗೀತದ"

ಹೆಬ್ಬೆರಳಿನಿಂದ ಒತ್ತಿ ನೋಡಿ, ತೋರುಬೆರಳಿನಿಂದಲ್ಲ. ಮೈಮುರಿದು ದುಡಿದವರ ಬೆರಳು ದಪ್ಪ. ಮೇಲೆ ಹೇಳಿದ ಸುಲಭಲಭ್ಯತೆಯ ಮಾರ್ಗಸೂಚಿಯ 2023ರ ಆವೃತ್ತಿ ಬಟನ್ನಿಗೆ ಕನಿಷ್ಠ 24 ಪಿಕ್ಸೆಲ್ ಎನ್ನುತ್ತದೆ, ಆಂಡ್ರಾಯ್ಡ್ ಕೇಳುವುದು 48. ದೊಡ್ಡದನ್ನೇ ಹಿಡಿಯಿರಿ, ನಡುವೆ ಜಾಗ ಬಿಡಿ.

ಬಟನ್ ದೊಡ್ಡದಿದ್ದೂ ತಪ್ಪಾಗಿ ಒತ್ತಿಕೊಳ್ಳುತ್ತಿದ್ದರೆ ಪುಟ ಜಾರುತ್ತಿದೆ. ಬೆರಳು ಇಳಿಯುವ ಹೊತ್ತಿಗೆ ಮೇಲೆ ಒಂದು ಫೋಟೊ ಬಂದು ಎಲ್ಲವನ್ನೂ ಕೆಳಗೆ ತಳ್ಳುತ್ತದೆ. ಪ್ರತಿ ಚಿತ್ರಕ್ಕೂ ಅಗಲ ಮತ್ತು ಎತ್ತರ ಮೊದಲೇ ಬರೆದಿಟ್ಟರೆ ಬ್ರೌಸರ್ ಜಾಗ ಕಾದಿರಿಸುತ್ತದೆ.

"ಫಾರ್ಮ್ ತುಂಬಿದೆ, ಹೋಗವಲ್ದು"

ಯಾದಗಿರಿಯ ಒಂದು ತರಬೇತಿ ಕೇಂದ್ರದ ಅರ್ಜಿ ಇದು. ಶಹಾಪುರದಿಂದ ಬಂದ ಅಕ್ಕ ಒಬ್ಬರು ನನ್ನ ಎದುರೇ ಕೂತು ತುಂಬಿದರು. "ಮೊದಲ ಹೆಸರು", "ಕೊನೆಯ ಹೆಸರು" ಎಂದು ಎರಡು ಖಾನೆ. ಅವರ ಆಧಾರ್‌ನಲ್ಲಿ ಇರುವುದು ಒಂದೇ ಹೆಸರು. ಎರಡನೆಯದು ಖಾಲಿ ಬಿಟ್ಟರೆ ಕೆಂಪಾಗುತ್ತದೆ. ಊರಿನ ಹೆಸರು ಹಾಕಿದರು. ಆಮೇಲೆ ಹೆಸರನ್ನು ಕನ್ನಡದಲ್ಲಿ ಬರೆದದ್ದಕ್ಕೆ "ಅಕ್ಷರಗಳನ್ನು ಮಾತ್ರ ಬಳಸಿ" ಎಂಬ ತಪ್ಪು ಬಂತು. ಅವರು ಬರೆದದ್ದು ಅಕ್ಷರವೇ. ಬಹಳ ಹೊತ್ತು ಅದನ್ನೇ ನೋಡುತ್ತ ಕೂತರು, ಏನನ್ನು ಅಳಿಸಬೇಕು ಎಂದು ತಿಳಿಯದೆ.

ಒಳಗೆ ನೋಡಿದರೆ ಫಾರ್ಮ್ ಇಂಗ್ಲಿಷಿನ ಎ ಇಂದ ಝಡ್‌ವರೆಗೆ ಮಾತ್ರ ಒಪ್ಪುತ್ತಿತ್ತು. ಫಾರ್ಮಿನ ಕೋಡ್ ಬರೆದವರು ಆಮೇಲೆ ಎಲ್ಲ ಭಾಷೆಯ ಅಕ್ಷರಗಳನ್ನೂ ಒಪ್ಪುವಂತೆ ತಿದ್ದಿದರು, ಆದರೂ ಸರಿಹೋಗಲಿಲ್ಲ. ಕಾರಣ, ಕಾಗುಣಿತದ ಚಿಹ್ನೆಗಳು ಮತ್ತು ಅರ್ಧಾಕ್ಷರದ ಗುರುತು ಯೂನಿಕೋಡಿನ ಲೆಕ್ಕದಲ್ಲಿ "ಅಕ್ಷರ"ದ ಗುಂಪಿಗೆ ಸೇರುವುದಿಲ್ಲ, "ಚಿಹ್ನೆ"ಯ ಗುಂಪಿಗೆ ಸೇರುತ್ತವೆ. "ಕಮಲ" ಹೋಗುತ್ತದೆ, "ಕಮಲಾ" ನಿಲ್ಲುತ್ತದೆ! ಎರಡೂ ಗುಂಪನ್ನು ಒಪ್ಪಿಸಬೇಕು. ನನ್ನನ್ನು ಕೇಳಿದರೆ ಹೆಸರಿನ ಖಾನೆಗೆ ಯಾವ ತಪಾಸಣೆಯೂ ಬೇಡ. ಒಂದೇ ಖಾನೆ, "ಆಧಾರ್‌ನಲ್ಲಿ ಇರುವಂತೆ ಪೂರ್ತಿ ಹೆಸರು" ಎಂದು ಮೇಲೆ ಬರೆದರೆ ಮುಗಿಯಿತು.

ಉದ್ದದ ಮಿತಿಯನ್ನೂ ನೋಡಿ. "ಲಕ್ಷ್ಮೀ" ಕಣ್ಣಿಗೆ ಎರಡು ಅಕ್ಷರ, ಕಂಪ್ಯೂಟರಿಗೆ ಏಳು ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. 20ರ ಮಿತಿ ಇಟ್ಟ ಕಡೆ ನಮ್ಮ ಹೆಸರುಗಳು ಅರ್ಧಕ್ಕೇ ತುಂಡಾಗುತ್ತವೆ. ಅರ್ಜಿ ಬಂದ ಮೇಲೆ ಕಳಿಸುವ ಎಸ್ಸೆಮ್ಮೆಸ್ಸಿಗೂ ಇದೇ ಕಥೆ: ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಮುಖ್ಯ ವಿಷಯ ಮೊದಲ ಸಾಲಿನಲ್ಲೇ ಇರಲಿ.

ಫೋನ್ ನಂಬರಿನ ಖಾನೆ ಮುಟ್ಟಿದರೆ ಅಂಕಿಯ ಕೀಬೋರ್ಡ್ ಬರಬೇಕು. ಮುಂದೆ ಸೊನ್ನೆ ಹಾಕಿದರೂ, ಪ್ಲಸ್ 91 ಹಾಕಿದರೂ, ನಡುವೆ ಜಾಗ ಬಿಟ್ಟರೂ, ಕನ್ನಡ ಅಂಕಿ ಒತ್ತಿದರೂ ತೆಗೆದುಕೊಂಡು ಒಳಗೆ ಸರಿಮಾಡಿಕೊಳ್ಳುವುದು ಫಾರ್ಮಿನ ಕೆಲಸ. ಲ್ಯಾಂಡ್‌ಲೈನ್ ಕೇಳುವುದಾದರೆ ಕಲಬುರಗಿಯ 08472 ಸೇರಿ ಸೊನ್ನೆಯಿಂದ ಶುರುವಾಗಿ 11 ಅಂಕಿ ಆಗುತ್ತದೆ ಎಂಬುದು ನೆನಪಿರಲಿ. ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರ್ ಕೊಡಬೇಡಿ: ಐವತ್ತು ವರ್ಷದವರು ತಿಂಗಳ ಬಾಣವನ್ನು 600 ಸಲ ಒತ್ತಬೇಕಾಗುತ್ತದೆ. ದಿನ, ತಿಂಗಳು, ವರ್ಷ ಎಂದು ಮೂರು ಖಾನೆ ಸಾಕು.

"ಅಮಾನ್ಯ" ಎಂಬ ಪದ ಪುಟದಲ್ಲಿ ಎಲ್ಲೇ ಇದ್ದರೂ ಹುಡುಕಿ ತೆಗೆಯಿರಿ. "ಮೊಬೈಲ್ ನಂಬರಿನಲ್ಲಿ 10 ಅಂಕಿ ಬೇಕು, ನೀವು 9 ಹಾಕಿದ್ದೀರಿ" ಎಂದು ಆ ಖಾನೆಯ ಕೆಳಗೇ ಬರೆಯಿರಿ. ಒಂದು ತಪ್ಪಿಗೆ ಇಡೀ ಫಾರ್ಮ್ ಖಾಲಿಯಾಗುತ್ತಿದ್ದರೆ ಅದನ್ನು ಈ ದಿನವೇ ಸರಿಪಡಿಸಿ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತವರ ಹೊಟ್ಟೆ ಉರಿಯುವುದು ಇಲ್ಲಿ.

ಎಚ್ಚರಿಕೆ: ಬೇಡದ್ದನ್ನು ಕೇಳಬೇಡಿ. ಕೋರ್ಸಿನ ವಿಚಾರಣೆಗೆ ಆಧಾರ್ ಪ್ರತಿ ಬೇಕಿಲ್ಲ. ಪಡೆದುಕೊಂಡ ದಾಖಲೆಗೆ ನೀವೇ ಹೊಣೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವುದೇ ಅದಕ್ಕೆ.

ಕಣ್ಣು ಕಾಣದವರಿಗೆ ಪುಟ ಮಾತಾಡುವುದಿಲ್ಲ

ಇದನ್ನು ಯಾರೂ ಫೋನ್ ಮಾಡಿ ಹೇಳುವುದಿಲ್ಲ, ಸುಮ್ಮನೆ ಬಿಟ್ಟು ಹೋಗುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಸ್ಕ್ರೀನ್ ಓದಿ ಹೇಳುವ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಅದನ್ನು ಹಾಕಿ, ಕಣ್ಣು ಮುಚ್ಚಿ ಪುಟದಲ್ಲಿ ಸಾಗಿ. ಅದನ್ನು ಬಂದ್ ಮಾಡುವುದು ಹೇಗೆ ಎಂದು ಮೊದಲೇ ತಿಳಿದುಕೊಳ್ಳಿ, ಬೆರಳ ಸನ್ನೆಗಳೇ ಬೇರೆಯಾಗುತ್ತವೆ.

"ಬಟನ್, ಬಟನ್" ಎಂದಷ್ಟೇ ಹೇಳಿದರೆ ಬಟನ್ನಿಗೆ ಹೆಸರಿಲ್ಲ. ಚಿತ್ರದ ಜಾಗದಲ್ಲಿ ಕಡತದ ಹೆಸರು ಓದಿದರೆ ವಿವರಣೆ ಬರೆದಿಲ್ಲ. ಕನ್ನಡವನ್ನು ಇಂಗ್ಲಿಷ್ ಧಾಟಿಯಲ್ಲಿ ಓದಿದರೆ ಅಥವಾ ಬಿಟ್ಟುಬಿಟ್ಟರೆ ಪುಟದ ಭಾಷೆ ಕನ್ನಡ ಎಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸಿಲ್ಲ; ಒಂದೇ ಪದದ ಕೆಲಸ. ಘೋಷಿಸಿಯೂ ಓದದಿದ್ದರೆ ಆ ಫೋನಿನಲ್ಲಿ ಕನ್ನಡದ ಧ್ವನಿ ಇಳಿಸಿಲ್ಲದಿರಬಹುದು, ಸೆಟ್ಟಿಂಗ್ಸ್‌ನಲ್ಲಿ ನೋಡಿ.

ಎಲ್ಲಿ ನಿಲ್ಲಬೇಕು

"ನಿಮ್ಮ ಸೈಟ್ ಒತ್ತಿದ್ರ ಜೂಜಿನ ಪುಟ ಬರ್ತದ" ಎಂದು ಒಬ್ಬರು ಹೇಳಿದರೂ ನಂಬಿ, ನಿಮಗೆ ಸರಿಯಾಗಿ ತೆರೆದರೂ ಸರಿ. ಒಳನುಗ್ಗಿದ ಕೋಡ್ ಎಷ್ಟೋ ಸಲ ಗೂಗಲ್‌ನಿಂದ ಬಂದವರನ್ನು ಮಾತ್ರ ತಿರುಗಿಸಿ, ಮಾಲೀಕರಿಗೆ ಒಳ್ಳೆಯ ಪುಟವನ್ನೇ ತೋರಿಸುತ್ತದೆ. ಏನನ್ನೂ ಅಳಿಸಬೇಡಿ. ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಹೋಸ್ಟಿಂಗ್‌ನವರಿಗೆ ತಿಳಿಸಿ, ಬಲ್ಲವರ ಕೈಗೆ ಕೊಡಿ. ಪುಕ್ಕಟೆ ಸಿಕ್ಕಿತೆಂದು ಹಾಕಿದ ಕದ್ದ ಥೀಮ್‌ಗಳು ಇದಕ್ಕೆ ದೊಡ್ಡ ಕಾರಣ.

"ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಒಬ್ಬರ ಫೋನಿನಲ್ಲಿ ಮಾತ್ರ ಬಂದರೆ ಅವರ ಫೋನಿನ ದಿನಾಂಕ ನೋಡಿ, ತಪ್ಪಿರಬಹುದು. ಎಲ್ಲರಿಗೂ ಬಂದರೆ ಸೈಟಿನ ಸುರಕ್ಷತಾ ಪ್ರಮಾಣಪತ್ರದ (ಎಸ್‌ಎಸ್‌ಎಲ್) ಅವಧಿ ಮುಗಿದಿರಬಹುದು. "ಮುಂದುವರಿಯಿರಿ, ಏನಾಗಲ್ಲ" ಎಂದು ಗಿರಾಕಿಗಳಿಗೆ ಹೇಳಿಕೊಡಬೇಡಿ. ಅದೇ ರೂಢಿ ನಾಳೆ ಅವರನ್ನು ಕಳ್ಳ ಪುಟದಲ್ಲಿ ಬೀಳಿಸುತ್ತದೆ. ಡೊಮೇನ್ ನವೀಕರಣ ಎಂದು ಫೋನ್ ಮಾಡಿ ಒಟಿಪಿ ಕೇಳಿದವರಿಗೆ ಕೊಡಬೇಡಿ.

ದುಡ್ಡು ಕಟ್ಟುವ ಪುಟದಲ್ಲಿ ಹಣ ಕಡಿತವಾಗಿ ರಸೀದಿ ಬರದಿದ್ದರೆ "ಇನ್ನೊಮ್ಮೆ ಕಟ್ಟಿ ನೋಡಿ" ಎನ್ನಬೇಡಿ. ಆ ಬಟನ್ ಅನ್ನು ಕೂಡಲೇ ಮುಚ್ಚಿ, ಪಾವತಿ ಸೇವೆಯವರ ಪಟ್ಟಿಯೊಂದಿಗೆ ತಾಳೆ ನೋಡಿಸಿ. ಯಾರದಾದರೂ ಹಣ ವಂಚಕರ ಪಾಲಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಸಹಾಯಕ್ಕೆ ಕರೆಯುವಾಗ "ಸೈಟ್ ಓಡ್ತಿಲ್ಲ" ಎಂದರೆ ಅವರಿಗೆ ಏನೂ ತಿಳಿಯದು. ಯಾವ ಫೋನ್, ಯಾವ ಬ್ರೌಸರ್, ವೈಫೈಯೋ ಸಿಮ್ಮೋ, ಎಷ್ಟು ಗಂಟೆಗೆ, ಯಾವ ಪುಟ, ಏನು ಒತ್ತಿದಾಗ, ಏನು ಕಂಡಿತು, ಜೊತೆಗೆ ಸ್ಕ್ರೀನ್‌ಶಾಟ್. ಕೊನೆಯ ಸಲ ಏನು ಬದಲಿಸಿದಿರಿ ಎಂಬುದನ್ನು ಮುಚ್ಚಿಡಬೇಡಿ.

ಸರಿಹೋಯಿತೇ ಎಂದು ನೋಡುವುದು

ಪುಟಗಳು ಬಳಸಲು ಸುಲಭವೇ ಎಂದು ಪರೀಕ್ಷಿಸುವುದರಲ್ಲಿ ಹೆಸರಾದ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದದ್ದು ಇಂದಿಗೂ ನಿಲ್ಲುತ್ತದೆ: ಐದು ಜನರನ್ನು ಕೂರಿಸಿ ನೋಡಿದರೆ ದೋಷಗಳಲ್ಲಿ ಬಹುಪಾಲು ಸಿಗುತ್ತವೆ. ಆ ಐದು ಜನ ನಿಮ್ಮ ಆಫೀಸಿನವರಾಗಬಾರದು. ಹಮಾಲರು, ಅಂಗನವಾಡಿ ಟೀಚರ್, ಆಟೊದವರು, ಪಿಯುಸಿ ಹುಡುಗಿ, ಒಬ್ಬ ಅಜ್ಜಿ. ಅವರ ಸ್ವಂತ ಫೋನ್, ಒಂದು ನಿಜವಾದ ಕೆಲಸ. "ಪುಟ ಹ್ಯಾಂಗದ?" ಎಂದು ಕೇಳಬೇಡಿ, ನಮ್ಮ ಜನ ಎದುರಿಗೆ "ಚೆಂದದ ರೀ" ಎಂದೇ ಹೇಳುತ್ತಾರೆ. ಕೈ ಹಿಂದೆ ಕಟ್ಟಿಕೊಂಡು ಹೆಬ್ಬೆರಳನ್ನು ನೋಡಿ. ತಡೆಯಲಾಗದೆ "ಅಲ್ಲಿ ಒತ್ತರಿ" ಎಂದು ಬಾಯಿಗೆ ಬಂದ ಜಾಗವನ್ನು ಬರೆದುಕೊಳ್ಳಿ. ಮುಂದೆ ತಿದ್ದಬೇಕಾದದ್ದು ಅದು.

ಮಿಲ್ಲಿನ ಪುಟ ತಿದ್ದಿದ ಮರುವಾರ ಕಾಕಾ ಮತ್ತೆ ಮಾಲು ತಂದಿದ್ದರು. ಅದೇ ಕಟ್ಟೆ, ಅದೇ ಬಿಸಿಲು. ಫೋನ್ ತೆರೆದು ದರ ಓದಿದರು, ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಕೆಳಗಿನ ಗಂಟೆಯ ಮೇಲೆ ಬೆರಳಿಟ್ಟು ಮಾಲೀಕರನ್ನು ಕೇಳಿದರು: "ಇದು ಮುಂಜಾನಿ ಹತ್ತರದ್ದು ಅದಲ್ಲ, ಈಗಿಂದು ಹಾಕ್ರಿ."